ಆಗದ ಪೂಜೆ

ಶಹಾಪುರದ ಬಜಾರಿನಲ್ಲಿ ಹಂಪಣ್ಣನ ನೆನಪಿನ ಮೇಲೆ ತಕರಾರು ತೆಗೆದವರು ಯಾರೂ ಇಲ್ಲ. ನಲವತ್ತು ವರ್ಷ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು, ಯಾವ ಮನೆಯ ಯಾವ ಮಗಳ ಮದುವೆಗೆ ಯಾವ ಬಣ್ಣದ ಸೀರೆ ಹೋಯಿತು, ಅದರ ಸೆರಗು ಹೇಗಿತ್ತು ಎಂಬುದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ ಅವನು. ಸೀರೆಯ ಮಾತಿಗೆ ಬೀಗರು ಬೀಗರು ಜಗಳಕ್ಕೆ ಬಿದ್ದರೆ ತೀರ್ಮಾನಕ್ಕೆ ಇವನಲ್ಲಿಗೇ ಬರುತ್ತಿದ್ದರು. ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋದ ಮೇಲೂ ಈ ಹೆಮ್ಮೆ ಮಾತ್ರ ಬೀಳಲಿಲ್ಲ. ಈಗ ಅಂಗಡಿ ನೋಡಿಕೊಳ್ಳುವ ಮಗ ಬಸವಕುಮಾರ ದಿನಕ್ಕೆ ಒಂದೆರಡು ಸಲವಾದರೂ ಫೋನು ಮಾಡಿ ಏನಾದರೂ ಕೇಳಬೇಕು, ಮುದುಕ ಮಂಚದ ಮೇಲಿಂದಲೇ ತಡವರಿಸದೆ ಹೇಳಬೇಕು. ಹಾಗೆ ಹೇಳಿದ ದಿನ ಅವನು ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಉಳಿದದ್ದೆಲ್ಲ ಸೊಸೆ ಗುರುದೇವಿಯ ಪಾಲಿಗೆ. ಮೈ ತೊಳೆಸುವುದು, ಬಟ್ಟೆ ಬದಲಿಸುವುದು, ಮಗ್ಗುಲು ತಿರುಗಿಸುವುದು, ಸೆಟೆದ ಕಾಲು ತಿಕ್ಕುವುದು. ಅದಕ್ಕೆಲ್ಲ ಅವಳು ಗೊಣಗಿದವಳಲ್ಲ. ಅವಳನ್ನು ಸೋಲಿಸಿದ್ದು ಪೂಜೆ. ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ದಿನಾ ಮುಂಜಾನೆ ಎಡ ಅಂಗೈಯ ಮೇಲಿಟ್ಟು ಪೂಜಿಸದೆ ಹಂಪಣ್ಣ ತುತ್ತು ಮುಟ್ಟುವವನಲ್ಲ. ಬಿದ್ದುಹೋದದ್ದು ಅದೇ ಎಡಗೈ. ಮುಷ್ಟಿಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗ ಉರುಳದಂತೆ ಅವನ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟು, ಗುರುದೇವಿ ಮುಕ್ಕಾಲು ತಾಸು ಬಾಗಿ ನಿಲ್ಲಬೇಕು. ಮಠದ ಅಯ್ಯನವರೇ ಒಮ್ಮೆ ಬಂದು, "ಬಲಗೈಯಾಗ ಮಾಡ್ರಿ ಯಜಮಾನ್ರ, ಶಿವ ಏನೂ ಬ್ಯಾಡ ಅನ್ನಂಗಿಲ್ಲ" ಎಂದು ಹೇಳಿ ನೋಡಿದರು.

"ಶಿವ ಅನ್ನಂಗಿಲ್ರಿ, ನನ್ನ ಮನಸ್ಸು ಅಂತೈತಿ" ಎಂದು ಹಂಪಣ್ಣ ಅವರ ಬಾಯನ್ನೂ ಕಟ್ಟಿಬಿಟ್ಟ.

ಮಾವ ಉಣ್ಣದೆ ಸೊಸೆ ಉಣ್ಣಬಾರದೆಂದು ಯಾರೂ ಹೇಳಿರಲಿಲ್ಲ. ಅವಳೇ ಹಾಗೆ ನಡೆದುಕೊಂಡು ಬಂದಿದ್ದಳು. ಎರಡು ವರ್ಷದಲ್ಲಿ ಸೊಂಟ ಹಿಡಿಯಿತು, ಶುಗರ್ ಬಂತು, ಖಾಲಿ ಹೊಟ್ಟೆಯಲ್ಲಿ ನಿಂತರೆ ಕಣ್ಣಿಗೆ ಕತ್ತಲು ಬರತೊಡಗಿತು. ತವರುಮನೆ ಸುರಪುರ ಬಸ್ಸಿಗೆ ತಾಸಿನ ಹಾದಿ, ಅಲ್ಲಿಗೆ ಹೋಗುವ ಮಾತನ್ನೂ ಬಿಟ್ಟಿದ್ದಳು. ಗಂಡನಿಗೆ ಹೇಳಿದರೆ "ಇನ್ನ ಸ್ವಲ್ಪ ದಿನ ತಡಿ" ಎನ್ನುತ್ತಿದ್ದ. ಏನಾಗುವ ತನಕ ತಡೆಯಬೇಕೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಅದು ಬಾಯಿಬಿಟ್ಟು ಕೇಳುವ ಮಾತೇ?

ಒಂದು ಮುಂಜಾನೆ ಹೊಸ ಗುಳಿಗೆಯ ಅಮಲಿಗೆ ಹಂಪಣ್ಣ ಸ್ನಾನವಾದ ಕೂಡಲೇ ನಿದ್ದೆ ಹೋದ. ಗುರುದೇವಿ ನೀರು, ಪತ್ರಿ, ವಿಭೂತಿ ಹಿಡಿದು ಬಂದು ಕಾಯುತ್ತ ಕೂತಳು. ಹಸಿವು ತಡೆಯಲಾಗುತ್ತಿರಲಿಲ್ಲ. ಎಬ್ಬಿಸಿದರೆ ಮತ್ತೆ ಮುಕ್ಕಾಲು ತಾಸು. ಆಗ ಒಂದು ಕೆಲಸ ಮಾಡಿದಳು. ಮಲಗಿದವನ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಎರಡು ಪತ್ರಿ ಎದೆಯ ಮೇಲಿಟ್ಟು, ಅಡುಗೆಮನೆಗೆ ಹೋಗಿ ರೊಟ್ಟಿ ತಿಂದಳು.

ತಾಸಿನ ಮೇಲೆ ಮುದುಕ ಎದ್ದ. "ಯವ್ವಾ, ಪೂಜಾ ಮಾಡೂಣು ಬಾ."

"ಆಗಳೇ ಆತಲ್ರಿ ಮಾವ. ಮರ್ತ್ರೇನು?"

ಹಂಪಣ್ಣ ಬಲಗೈಯಿಂದ ಹಣೆ ಮುಟ್ಟಿಕೊಂಡ. ಬೆರಳಿಗೆ ಅಂಟಿದ ವಿಭೂತಿಯನ್ನು ನೋಡಿದ. "ಹೌದಲ್ಲ" ಎಂದ.

ಒಮ್ಮೆ ಆದದ್ದು ವಾರಕ್ಕೆ ಎರಡು ಸಲವಾಯಿತು, ಆಮೇಲೆ ಮೂರು. ಮುಚ್ಚಿಡುವುದೇಕೆ, ಆ ದಿನಗಳಲ್ಲಿ ಗುರುದೇವಿಗೆ ಬಲು ಹಾಯೆನಿಸಿತು. ಕಟ್ಟೆಯ ಮೇಲೆ ಕೂತು ಬಿಸಿಯಿರುವಾಗಲೇ ಚಹಾ ಕುಡಿದಳು. ಒಂದು ದಿನ ಪೂಜೆ ತಪ್ಪಿದರೆ ಶಿವನೇನು ಉಪವಾಸ ಬೀಳುತ್ತಾನೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾವನಿಗೆ ಏನಾಗುತ್ತಿದೆ ಎಂದು ನೋಡಲು ಹೋಗಲಿಲ್ಲ.

ಎರಡು ತಿಂಗಳ ಮೇಲೆ ಅಂಗಡಿಯಿಂದ ಫೋನು ಬಂತು. ಗಿರಾಕಿ ಅಮೃತಮ್ಮ ಬಂದು ಕೂತಿದ್ದಾಳೆ, ದೊಡ್ಡ ಮಗಳ ಮದುವೆಗೆ ಒಯ್ದ ಬಣ್ಣದ ಸೀರೆಯೇ ಸಣ್ಣ ಮಗಳಿಗೂ ಬೇಕಂತೆ, ಅದು ಯಾವುದೆಂದು ಅಪ್ಪನನ್ನು ಕೇಳು ಎಂದ ಬಸವಕುಮಾರ. ಗುರುದೇವಿ ಫೋನನ್ನು ಮಾವನ ಕಿವಿಗೆ ಹಿಡಿದಳು.

"ನನ್ನ ಕೇಳಬ್ಯಾಡ ಬಸು. ಏನರ ಹೇಳಿ ತಪ್ಪಿದ್ರ ಮಂದ್ಯಾಗ ನಗಿಗೇಡು" ಎಂದ ಹಂಪಣ್ಣ. ಅಂದು ಅರ್ಧ ರೊಟ್ಟಿ ಉಳಿಸಿದ. ಮುಂದೆ ಅಂಗಡಿಯಿಂದ ಫೋನು ಬರುವುದೇ ನಿಂತಿತು.

ಹಂಪಣ್ಣನ ಮಗಳು ದಾನೇಶ್ವರಿ ಯಾದಗಿರಿಯಿಂದ ತಿಂಗಳಿಗೊಮ್ಮೆ ಬರುವವಳು. ಬರುವಾಗ ಒಂದು ಚೀಲ ಸೇಬು, ಒಂದು ಚೀಲ ಉಪದೇಶ ತರುವವಳು. ಆ ಸಲ ಅವಳ ಮುಂದೆ ಮುದುಕ ಅತ್ತೇಬಿಟ್ಟ. ಅಡುಗೆಮನೆಯಲ್ಲಿದ್ದ ಗುರುದೇವಿಗೆ ಎಲ್ಲ ಕೇಳಿಸಿತು.

"ಕೈ ಹೋತು, ಕಾಲು ಹೋತು, ತಲಿ ಒಂದು ಉಳದೈತಿ ಅನ್ಕೊಂಡಿದ್ದೆ. ಅದೂ ಹೋಗೇತಿ ದಾನಮ್ಮ. ಪೂಜಾ ಮಾಡ್ಕೊಂಡಿದ್ದು ತಾಸೊತ್ತಿಗೆ ನೆನಪಿರಂಗಿಲ್ಲ. ಹಣಿ ಮುಟ್ಟಿ ನೋಡ್ಕೊಂತೀನಿ, ಆಗೇತೋ ಇಲ್ಲೋ ಅಂತ."

ದಾನೇಶ್ವರಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದು ಗುರುದೇವಿಯ ಕೈ ಹಿಡಿದಳು. "ವಯಸ್ಸಿನ ಮರವು ವೈನಿ, ಯಾರೇನು ಮಾಡಾಕಾಗತೈತಿ? ನೀವದೀರಿ ಅಂತ ನಡದೈತಿ."

ಗುರುದೇವಿಗೆ ಆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಕದ್ದದ್ದು ಮುಕ್ಕಾಲು ತಾಸು ಎಂದುಕೊಂಡಿದ್ದಳು. ಈಗ ನೋಡಿದರೆ ಮುದುಕನಿಗೆ ಉಳಿದಿದ್ದ ಒಂದೇ ಒಂದನ್ನು ಕದ್ದು ಕೂತಿದ್ದಾಳೆ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಲೆಯ ಮೇಲಿನ ರೊಟ್ಟಿ ಸೀದು ಹೋದದ್ದೂ ತಿಳಿಯಲಿಲ್ಲ.

ನಾದಿನಿ ಬಸ್ಸಿಗೆ ಹೋದ ಮೇಲೆ ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಈ ಮನೆಯಲ್ಲಿ ತಲೆ ಎತ್ತಿ ಓಡಾಡುವುದು ಮುಗಿಯಿತು. ಆದರೂ ಹೇಳಿದಳು.

"ಮಾವ, ನಿಮ್ಮ ತಲಿಗೆ ಏನೂ ಆಗಿಲ್ರಿ. ನಾನ ಸುಳ್ಳು ಹೇಳೀನಿ. ನೀವು ಮಲಗಿದಾಗ ವಿಭೂತಿ ಹಚ್ಚಿ, ಪೂಜಾ ಆತು ಅಂದೀನಿ. ಒಂದ್ಸಲ ಅಲ್ರಿ, ಭಾಳ ಸಲ. ನನಗ ನಿಲ್ಲಾಕ ಆಗತಿದ್ದಿಲ್ಲ. ಹಸಿವಿ ತಡಿಯಾಕ ಆಗತಿದ್ದಿಲ್ಲ."

ಬೈಯಲಿ ಎಂದು ತಲೆ ತಗ್ಗಿಸಿ ಕಾದಳು. ಒಂದು ಸಲ ಬಾಯಿ ತುಂಬ ಬೈದುಬಿಟ್ಟಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದರು. ಹಂಪಣ್ಣ ನಕ್ಕ. ಎಷ್ಟೋ ದಿನದ ಮೇಲೆ ನಕ್ಕ.

"ಹುಚ್ಚಿ. ನಾ ಅತ್ತಿದ್ದು ಕೇಳಿಸ್ಕೊಂಡೀದಿ. ನನ್ನ ಸಮಾಧಾನಕ್ಕ ತಪ್ಪು ನಿನ್ನ ಮ್ಯಾಲೆ ಹಾಕ್ಕೊಳ್ಳಾಕತ್ತೀದಿ."

"ಇಲ್ರಿ ಮಾವ, ಖರೇನ ಹೇಳಾಕತ್ತೀನಿ. ಅಮೃತಮ್ಮನ ದೊಡ್ಡ ಮಗಳ ಸೀರಿ ಯಾವ ಬಣ್ಣ ಹೇಳ್ರಿ ನೋಡೂಣು. ನಿಮಗ ಗೊತ್ತೈತಿ."

ಮುದುಕನ ತುಟಿಗಳು ಅಲುಗಿದವು. ಬಣ್ಣದ ಹೆಸರು ನಾಲಗೆಯ ತುದಿಗೇ ಬಂದಿತ್ತು, ಅವಳಿಗೆ ಅದು ಕಂಡಿತು. ಅವನು ಹಿಂಜರಿದ. "ಬ್ಯಾಡ ಬಿಡು, ತಪ್ಪತೈತಿ" ಎಂದ.

"ನಿಮ್ಮ ಲಿಂಗ ಮುಟ್ಟಿ ಆಣಿ ಮಾಡ್ತೀನಿ ಮಾವ, ನಾನ..."

ಹಂಪಣ್ಣ ಬಲಗೈ ಚಾಚಿ ಅವಳ ಬಾಯಿ ಮುಚ್ಚಿದ. "ನನ್ನ ಸಲುವಾಗಿ ಸುಳ್ಳ ಆಣಿ ಮಾಡಬ್ಯಾಡ ನನ್ನವ್ವ. ನಿನ್ನಂಥಾಕಿ ಹಂಗ ಮಾಡ್ತಾಳೇನು? ತಲಿ ಹೋದ್ರೂ ಅಷ್ಟು ತಿಳಿತೈತಿ ನನಗ."

ಮರುದಿನ ಮುಂಜಾನೆ ಗುರುದೇವಿ ಬೆರಳುಗಳನ್ನು ಬಿಡಿಸಿ, ಲಿಂಗವಿಟ್ಟು, ಕೆಳಗೆ ತನ್ನ ಕೈ ಕೊಟ್ಟು ಪೂರ್ತಿ ಮುಕ್ಕಾಲು ತಾಸು ನಿಂತಳು. ಸೊಂಟ ಕಿತ್ತು ಬರುತ್ತಿತ್ತು. ಹಂಪಣ್ಣ ನೀರೆರೆದ, ಪತ್ರಿ ಏರಿಸಿದ, ಕಣ್ಣು ಮುಚ್ಚಿದ, ತೆರೆದ. ಲಿಂಗ ಇನ್ನೂ ಅಂಗೈಯ ಮೇಲೇ ಇತ್ತು. ಅವನು ಅದನ್ನು ನೋಡಲಿಲ್ಲ, ಅವಳ ಮುಖ ನೋಡಿದ.

"ಪೂಜಾ ಆತೇನವ್ವ?"

"ಆತ್ರಿ ಮಾವ."

"ನೀ ಅಂದ್ರ ಆಗಿರತೈತಿ" ಎಂದ.