ಎರಡು ಚಿತ್ರಗಳ ನಡುವೆ

ಗುಂಡ್ಲುಪೇಟೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ನೀಲಕಂಠಸ್ವಾಮಿ ಇಪ್ಪತ್ತೊಂಬತ್ತು ವರ್ಷದಿಂದ ಅಟೆಂಡರ್. ಪ್ರತಿವರ್ಷ ಅವನು ಗೋಡೆಗೆ ನೇತುಹಾಕುವ ಪಟವೊಂದಿತ್ತು. ಅದರಲ್ಲಿ ಕಡಲ ಪ್ರಾಣಿಯ ಮೊಟ್ಟೆ ಮೊದಲು ಇಡಿಯಾಗಿ, ಪಕ್ಕದ ಚಿತ್ರದಲ್ಲಿ ಎರಡು ಭಾಗವಾಗಿ ಇರುತ್ತಿತ್ತು. ಆ ನಡುವಿನ ಗೆರೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅವನ ತಲೆ ತಿನ್ನುತ್ತಿತ್ತು. ಕೇಳಿದರೆ ಹುಡುಗರು ನಕ್ಕಾರೆಂದು ಸುಮ್ಮನಿದ್ದ. ಬರುವ ಶನಿವಾರ ಅವನ ನಿವೃತ್ತಿ.

ಗುರುವಾರ ಬೆಳಿಗ್ಗೆ ರಾತ್ರಿಯಿಡೀ ಮುಚ್ಚಿದ್ದ ಬಂಡೀಪುರ ಕಾಡಿನ ಗೇಟು ತೆಗೆದ ಮೇಲೆ ಬಂದ ಮೀನಿನ ಲಾರಿಯಿಂದ, ಕಡಲ ನೀರಿನ ಕ್ಯಾನಿನ ಜೊತೆ, ಪಟದಲ್ಲಿದ್ದ ಜಾತಿಯ, ಮೈಯೆಲ್ಲ ಮುಳ್ಳಿನ ಎರಡು ಸೀ ಅರ್ಚಿನ್‌ಗಳು ಇಳಿದವು. ಲೆಕ್ಚರರ್ ಚೈತ್ರ ತರಿಸಿದ್ದು. ಹದಿನಾಲ್ಕು ವರ್ಷ ಇದೇ ಪಾಠ ಮಾಡಿದ್ದರೂ ಆಕೆಯೂ ಮೊಟ್ಟೆ ಎರಡಾಗುವುದನ್ನು ಕಣ್ಣಾರೆ ಕಂಡಿರಲಿಲ್ಲ.

ಸೂಜಿಮದ್ದು ಕೊಟ್ಟಾಗ ಹೆಣ್ಣು ಕಿತ್ತಳೆ ಬಣ್ಣದ ಮೊಟ್ಟೆ ಸುರಿಸಿತು, ಗಂಡು ಹಾಲಿನಂಥ ವೀರ್ಯ. ಆಕೆ ಅರ್ಧ ಮೊಟ್ಟೆಯನ್ನು ಗಾಜಿನ ತಟ್ಟೆಗೆ ಹಾಕಿ, ವೀರ್ಯವನ್ನು ಕಡಲ ನೀರಿನಲ್ಲಿ ತೆಳುಮಾಡಿ ಡ್ರಾಪರ್ ಅವನ ಕೈಗಿತ್ತಳು.

"ತಟ್ಟೆಗೆ ಒಂದೇ ತೊಟ್ಟು" ಎಂದು ಮೈಕ್ರೊಸ್ಕೋಪಿನತ್ತ ತಿರುಗಿದಳು.

ಮಠದ ದಾಸೋಹದಲ್ಲಿ ನೀಲಕಂಠಸ್ವಾಮಿ ಮಜ್ಜಿಗೆ ಬಡಿಸುವವ. ಬೇಡವೆಂದವರ ಎಲೆಗೂ ಇನ್ನೊಂದು ಸೌಟು ಹಾಕದೆ ಮುಂದೆ ಹೋದವನಲ್ಲ. ಅಷ್ಟು ಮೊಟ್ಟೆಗೆ ಒಂದು ತೊಟ್ಟು ಯಾವ ಮೂಲೆಗೆ? ಡ್ರಾಪರನ್ನು ಪೂರ್ತಿ ಖಾಲಿ ಮಾಡಿದ.

ಒಂದು ಗಂಟೆ ಕಳೆದು ನೋಡಿದರೆ ಮೊಟ್ಟೆಗಳು ಒಮ್ಮೆಗೇ ಮೂರು, ನಾಲ್ಕು ಸೊಟ್ಟ ತುಂಡುಗಳಾಗಿದ್ದವು. ಚೈತ್ರಳ ಮುಖ ಬಾಡಿತು.

"ದಾರೀಲಿ ನೀರು ಕೆಟ್ಟಿರಬೇಕು. ಉಳಿದ ಮೊಟ್ಟೇನೂ ಚೆಲ್ಲಿಬಿಡಿ" ಎಂದಳು.

ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಆ ಗೆರೆಯನ್ನು ಈ ಜನ್ಮದಲ್ಲಿ ಕಾಣುವಂತಿಲ್ಲ. ಅವನು ಖಾಲಿ ಡ್ರಾಪರನ್ನು ಆಕೆಯ ಮುಂದೆ ಹಿಡಿದ.

"ನೀರು ಕೆಟ್ಟಿಲ್ಲ ಮೇಡಂ. ಬಡ್ಸೋ ಕೈ ನೋಡಿ, ಒಂದೇ ತೊಟ್ಟು ಅಂದ್ರೆ ಮನಸ್ಸು ಒಪ್ನಿಲ್ಲ. ಪೂರ್ತಿ ಬುಟ್ಬುಟ್ಟೆ."

ಚೈತ್ರ ಸಿಟ್ಟಾಗುವ ಬದಲು ಮತ್ತೆ ಮೈಕ್ರೊಸ್ಕೋಪಿಗೆ ಕಣ್ಣಿಟ್ಟಳು. "ಒಂದು ಮೊಟ್ಟೆ ಒಳಗೆ ಎರಡು ಮೂರು ವೀರ್ಯಾಣು ನುಗ್ಗಿದ್ರೆ ಹಿಂಗೇ ಆಗೋದು. ಪಾಠದಲ್ಲಿ ಹೇಳ್ತಿದ್ದೆ, ಇವತ್ತು ನೋಡ್ದೆ."

ಉಳಿದ ಮೊಟ್ಟೆಯನ್ನು ಬೇರೆ ತಟ್ಟೆಗೆ ಹಾಕಿ ಆಕೆಯೇ ಒಂದು ತೊಟ್ಟು ಬಿಟ್ಟಳು. ಒಡನೆ ನೀಲಕಂಠಸ್ವಾಮಿ, ಊಟದ ಪಂಕ್ತಿಯಲ್ಲಿ ಸಾಕೆನ್ನುವವನ ಹಾಗೆ, ಎರಡೂ ಕೈ ತಟ್ಟೆಯ ಮೇಲೆ ಅಡ್ಡ ಹಿಡಿದ.

ಮತ್ತೊಂದು ಗಂಟೆ ಕಾದರು. ಚೈತ್ರ ಸ್ಟೂಲನ್ನು ಮೊದಲು ಅವನಿಗೇ ಬಿಟ್ಟುಕೊಟ್ಟಳು.

ಮೊಟ್ಟೆ ದುಂಡಗಿತ್ತು. ನೋಡುತ್ತಿದ್ದಂತೆ, ಮಗುವಿನ ಸೊಂಟಕ್ಕೆ ಉಡಿದಾರ ಬಿಗಿದ ಹಾಗೆ, ಅದರ ನಡು ಸುತ್ತಲಿಂದಲೂ ಒಳಕ್ಕೆ ಒತ್ತಿಕೊಳ್ಳತೊಡಗಿತು.

"ಗೆರೆ ಹೊರ್ಗಿಂದ ಬತ್ತದೆ ಮೇಡಂ" ಎಂದ ನೀಲಕಂಠಸ್ವಾಮಿ.

"ನಂಗೂ ಸ್ವಲ್ಪ ಜಾಗ ಬಿಡಿ."

ಇಪ್ಪತ್ತೊಂಬತ್ತು ವರ್ಷ ಎಲ್ಲರಿಗೂ ಪಕ್ಕಕ್ಕೆ ಸರಿದು ನಿಂತಿದ್ದವನು ಅಲುಗಾಡಲಿಲ್ಲ.

"ವಸಿ ತಡೀರಿ ಮೇಡಂ, ಇನ್ನೂ ಆಯ್ತಾ ಅದೆ."