ಆರನೇ ಅಂತಸ್ತಿನ ಎದುರು ನಿಂತ ತೊಲೆ

ಮನೆಯಲ್ಲಿ ಅವಳ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಎಷ್ಟು ಗಂಟಲು ಹರಿದುಕೊಂಡರೂ ಮಕ್ಕಳಿಬ್ಬರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರೇ.

ಹೊರಗೆ ಅವಳು ದೊಡ್ಡ ಕಟ್ಟಡವೊಂದರ ಕೆಲಸದಲ್ಲಿ ಕ್ರೇನಿಗೆ ಸಿಗ್ನಲ್ ಕೊಡುವವಳು. ನೆಲದ ಮೇಲೆ ನಿಂತು ವಾಕಿಟಾಕಿಯಲ್ಲಿ 'ಎತ್ತು', 'ಎಡಕ್ಕೆ', 'ಸಾಕು' ಎನ್ನಬೇಕು. ಮೇಲಿನ ಗೂಡಿನಲ್ಲಿ ಕೂತ ಡ್ರೈವರ್, ಎಲ್ಲರ ಬಾಯಲ್ಲಿ ಹದ್ದಣ್ಣ, ಅವಳೊಬ್ಬಳ ದನಿಗೇ ಕೈಯಾಡಿಸುತ್ತಿದ್ದ. 'ನಿಲ್ಲಿಸಿ' ಎಂಬುದೊಂದು ಮಾತ್ರ ಬೇರೆ. ಹಾಗೆಂದರೆ ಅಪಾಯ. ಕಸ ಗುಡಿಸುವವನು ಅಂದರೂ ಕ್ರೇನ್ ನಿಲ್ಲಬೇಕು. ಅಂದವರೇ ಮತ್ತೆ 'ಎತ್ತು' ಅನ್ನುವ ತನಕ ಅಲುಗಬಾರದು. ಕೆಲಸಕ್ಕೆ ಸೇರಿದ ಮೂರು ತಿಂಗಳಲ್ಲಿ ಅದು ಒಮ್ಮೆಯೂ ಅವಳ ಬಾಯಿಂದ ಬಂದಿರಲಿಲ್ಲ.

ಆ ಮಧ್ಯಾಹ್ನ ಹನ್ನೆರಡು ಟನ್ನಿನ ಕಬ್ಬಿಣದ ತೊಲೆ ಮೇಲೇರುತ್ತಿತ್ತು. ಫೋನ್ ಮೂರನೇ ಸಲ ಗುಂಯ್ ಎಂದಿತು. ತೆಗೆಯಬಾರದಿತ್ತು, ತೆಗೆದಳು.

"ಅಮ್ಮಾ, ಇವಳು ಕೂದ್ಲು ಎಳೀತಾಳೆ!"

"ಅವನೇ ಮೊದ್ಲು ಕಚ್ಚಿದ್ದು!"

"ನಿಲ್ಲಿಸಿ! ಇಬ್ರೂ ನಿಲ್ಲಿಸಿ ಅಂದೆ!"

ಸಿಟ್ಟಿಗೆ ಎಡಗೈ ಫೋನನ್ನು ಹಿಸುಕಿದಾಗ ಬಲಗೈಯೂ ಬಿಗಿಯಿತು. ವಾಕಿಟಾಕಿಯ ಗುಂಡಿ ಒತ್ತಿಹೋಗಿ ಆ ಮಾತು ಮೇಲಕ್ಕೂ ಹೋಯಿತು.

ತೊಲೆ ಆರನೇ ಅಂತಸ್ತಿನ ಎದುರು ನಿಂತುಬಿಟ್ಟಿತು. ಅದನ್ನು ಹಿಡಿಯಲು ಮೇಲೆ ಕಾದಿದ್ದ ನಾಲ್ವರು ಹಿಂದೆ ಸರಿದರು. ಡ್ರಿಲ್ ನಿಂತಿತು, ಸಿಮೆಂಟ್ ಕಲಸುವ ಯಂತ್ರ ನಿಂತಿತು. ನೂರು ಜನ ಕತ್ತೆತ್ತಿ ನೋಡುತ್ತಿದ್ದರು. ಉಕ್ಕಿನ ಹಗ್ಗ ಕಿರ್ರೆನ್ನುವುದು ಅವಳಿಗೆ ನೆಲದಿಂದಲೇ ಕೇಳಿಸಿತು.

ಮೇಸ್ತ್ರಿ ಓಡಿಬಂದ. "ಏನಾಯ್ತು? ಯಾರು ಅಂದದ್ದು?"

ಕೊಕ್ಕೆ ಸರಿಯಿಲ್ಲ ಅನ್ನಿಸಿತು ಎಂದರೆ ಕೆಲಸ ಉಳಿಯುತ್ತಿತ್ತು. ಆದರೆ ಮೇಲಿದ್ದವರು ಆಗಲೇ ಅಂಚಿಗೆ ಬಾಗಿ, ಇಲ್ಲದ ಅಪಾಯವನ್ನು ಹುಡುಕುತ್ತಿದ್ದರು. ಅವರಿಗೂ ಕೇಳಲೆಂದು ಅವಳು ಗುಂಡಿ ಒತ್ತಿಯೇ ಅಂದಳು:

"ನಾನೇ ಮೇಸ್ತ್ರಿ. ಮಕ್ಕಳಿಗೆ ಬೈದದ್ದು... ಗುಂಡಿ ಒತ್ತಿಹೋಯ್ತು."

ವಾಕಿಟಾಕಿಯಲ್ಲಿ ಹದ್ದಣ್ಣನ ದನಿ ಕರಕರ ಎಂದಿತು. "ತಂಗೀ, ನಿನ್ ಮಕ್ಳು ನಿಲ್ಲಿಸಿದ್ರಾ ಇಲ್ವಾ? ನಾನಂತೂ ನಿಲ್ಲಿಸ್ದೆ."

ಯಾರೋ ಕಿಸಕ್ಕೆಂದರು. ಮೇಸ್ತ್ರಿ ನಗಲಿಲ್ಲ. "ಫೋನ್ ಕೊಡಿಲ್ಲಿ. ಇನ್ಮೇಲೆ ಕೆಲಸದ ಹೊತ್ತಲ್ಲಿ ಇದು ನನ್ನ ಪೆಟ್ಟಿಗೇಲಿರುತ್ತೆ."

"ಕೆಲ್ಸ?"

"ನಿಲ್ಲಿಸಿ ಅಂದಿದ್ದಕ್ಕೆ ಇವತ್ತು ನಿನ್ನನ್ನ ಮನೆಗೆ ಕಳಿಸಿದ್ರೆ, ನಾಳೆ ನಿಜವಾಗ್ಲೂ ಅನ್ನಬೇಕಾದವನು ಬಾಯಿ ಮುಚ್ಕೊಂಡಿರ್ತಾನೆ. ಹೋಗಮ್ಮ, ಎತ್ತು ಅನ್ನು. ಬೇರೆ ಯಾರು ಅಂದ್ರೂ ಅವನು ಕೇಳಲ್ಲ."

ದಿನಕ್ಕೆ ಇನ್ನೂರು ಸಲ, ಆಕಳಿಸುತ್ತಲೂ ಅಂದ ಮಾತು ಅದು. ಈಗ ಅದನ್ನು ಅನ್ನುವ ಮೊದಲು ಅವಳು ಕೊಕ್ಕೆ ನೋಡಿದಳು, ಹಗ್ಗ ನೋಡಿದಳು, ಮೇಲಿದ್ದ ನಾಲ್ವರ ಕೈಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಗುಂಡಿ ಒತ್ತಿ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವಷ್ಟು ಮೆಲ್ಲಗೆ ಅಂದಳು:

"ಎತ್ತು, ಹದ್ದಣ್ಣ."

ಹನ್ನೆರಡು ಟನ್ನು ಕಬ್ಬಿಣ ಸದ್ದಿಲ್ಲದೆ ಮೇಲೇರಿತು.