ಕಂಬಳಿಯ ಆಚೆಯ ಅಂಚು

ಇಳಕಲ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಔಷಧದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ವಿದ್ಯಾ ಮಾಡುತ್ತಿದ್ದದ್ದು ಓರೆಯಾದದ್ದನ್ನು ನೆಟ್ಟಗೆ ಮಾಡುವ ಕೆಲಸ. ಮೊದಮೊದಲು ಗ್ರಾನೈಟ್ ಕಲ್ಲಿನ ಫೋಟೋಗಳು. ಪಾಲಿಶ್ ಮಾಡಿದ ಕಲ್ಲನ್ನು ಎದುರಿಗೆ ನಿಂತು ತೆಗೆದರೆ ತೆಗೆದವನ ಮುಖವೇ ಅದರಲ್ಲಿ ಮೂಡುತ್ತದೆ. ಅದಕ್ಕೆ ಕಾರ್ಖಾನೆಯವರು ಪಕ್ಕಕ್ಕೆ ಸರಿದು ತೆಗೆಯುತ್ತಿದ್ದರು, ಇವಳು ನೆಟ್ಟಗೆ ಮಾಡುತ್ತಿದ್ದಳು. ಈಗೀಗ ಕಂಪ್ಯೂಟರ್ ಆಟಗಳ ಕೆಲಸ. ಅಂಗಡಿಯವರು ಮಾರಾಟಕ್ಕೆಂದು ತೆಗೆದ ಎಣ್ಣೆ ಡಬ್ಬಿ, ಟ್ರಂಕು, ಗೋಣಿಚೀಲಗಳ ಫೋಟೋ ಬರುತ್ತವೆ. ನಾಲ್ಕು ಮೂಲೆ ಹಿಡಿದು ಎಳೆದರೆ ಡಬ್ಬಿಯ ಮೈ ಹಪ್ಪಳದ ಹಾಗೆ ಚಪ್ಪಟೆಯಾಗಿ ಪರದೆಯ ಮೇಲೆ ಹರಡಿಕೊಳ್ಳುತ್ತದೆ. ಆ ಮೈಯನ್ನು ಎಲ್ಲೋ ಕೂತವರು ಆಟದೊಳಗಿನ ಡಬ್ಬಿಗೆ ತೊಗಲಿನಂತೆ ಹೊದಿಸುತ್ತಾರೆ.

“ವಿದ್ಯಕ್ಕಾ, ನೀ ಅಷ್ಟು ಚಂದ ಮಾಡಿದ ಡಬ್ಬಿಗೆ ನನ್ನ ತಮ್ಮ ಮೊನ್ನೆ ಬಂದೂಕ್ಲೆ ಹೊಡದು ಚಿಂದಿ ಮಾಡಿದ ನೋಡು,” ಎಂದು ಆ ಕೆಲಸ ನಡೆಸುವ ರಿಜ್ವಾನ ನಗುತ್ತಿದ್ದ.

“ಹೊಡೀಲಿ ಬಿಡಣ್ಣಾ, ಹೊಡಿಯೂಕಿಂತ ಮೊದಲ ಒಮ್ಮಿ ನೋಡಿದ್ರ ಸಾಕು,” ಎನ್ನುತ್ತಿದ್ದಳು.

ಈ ಸಲ ಅವಳ ಮುಂದೆ ತೆರೆದಿದ್ದದ್ದು ಆಟದ ವಸ್ತುವಲ್ಲ, ಅಪ್ಪನ ಕಂಬಳಿ. ಕುಳಗೇರಿ ಕ್ರಾಸಿನಿಂದ ಒಳಗಿರುವ ಹಳ್ಳಿಯಲ್ಲಿ ಹುಲ್ಲಪ್ಪ ಕಂಬಳಿ ನೇಯುತ್ತಿದ್ದ. ಅವ್ವ ಪದ್ಮವ್ವ ಉಣ್ಣೆ ನೂತು ಕೊಡುತ್ತಿದ್ದಳು. ಒಂದೊಂದು ಕಂಬಳಿ ಮುಗಿದಾಗಲೂ ಅಪ್ಪ ಅದನ್ನು ಪಡಸಾಲೆಯಲ್ಲಿ ಹಾಸಿ, ಫೋನಿನಲ್ಲಿ ಫೋಟೋ ತೆಗೆದು ಮಗಳಿಗೆ ಕಳಿಸುತ್ತಿದ್ದ. ಮಗಳು ಅದನ್ನು ನೆಟ್ಟಗೆ ಮಾಡಿ ಮಾರಾಟಕ್ಕೆ ಹಾಕಿ, ಅಪ್ಪ ಕಳಿಸಿದ ಓರೆ ಫೋಟೋವನ್ನು ಅಳಿಸಿಬಿಡುತ್ತಿದ್ದಳು. ಓರೆಯದನ್ನು ಇಟ್ಟುಕೊಂಡು ಮಾಡುವುದೇನು?

ಹೋದ ವರ್ಷ ಶ್ರಾವಣದಲ್ಲಿ ಅವನು ತೀರಿಕೊಂಡ. “ಜ್ವರ ಬಂತು, ಹ್ವಾದ,” ಎಂದಷ್ಟೇ ಹೇಳಿದ್ದಳು ಅವ್ವ. ಕೊನೆಯದಾಗಿ ನೇಯ್ದ ಕಂಬಳಿಯನ್ನು ಯಾರಿಗೂ ಕೊಡದೆ ಅವನಿಗೇ ಹೊದಿಸಿ ಮಣ್ಣು ಮಾಡಿದರು. ಈಗ ವರ್ಷದ ಎಡೆ ಬಂದಿತ್ತು. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ: “ಎಡಿ ಇಡೂ ಮುಂದ ಕಂಬಳಿ ಹಾಸಬೇಕವ್ವಾ. ಆ ಕಂಬಳಿ ಅಂತೂ ಅವನ ಕೂಡ ಹೋತು. ಅದರ ಫೋಟೋನಾರ ದೊಡ್ಡದ ಮಾಡಿಸಿಕೊಂಡ ಬಾ. ಚಂದಗ ಇರಲಿ, ಪೂರ್ತಿ ಕಾಣಲಿ.”

ಆ ಕಂಬಳಿಯ ಫೋಟೋ ಮಾತ್ರ, ಅವಳು ಕೈಗೆತ್ತಿಕೊಳ್ಳುವ ಮೊದಲೇ ಅವನು ತೀರಿಕೊಂಡಿದ್ದರಿಂದ, ಅಪ್ಪ ಕಳಿಸಿದ ಹಾಗೇ ಉಳಿದಿತ್ತು. ಕಾರಹುಣ್ಣಿಮೆಯ ಹೊತ್ತಿಗೆ ಬಂದದ್ದು. ಆವತ್ತು ಅಪ್ಪ ಫೋನು ಮಾಡಿದ್ದ. “ಬಂತೇನವ್ವಾ ಫೋಟೋ?”

“ಬಂತು. ಎಷ್ಟ ಸೊಟ್ಟ ತೆಗದೀಯಪ್ಪಾ! ಎದ್ದು ನಿಂತು ತೆಗೀಬಾರದೇನು?”

“ನೀ ಅದೀಯಲ್ಲವ್ವಾ ನೆಟ್ಟಗ ಮಾಡಾಕಿ,” ಎಂದು ನಕ್ಕಿದ್ದ.

ವಿದ್ಯಾ ಕಂಬಳಿಯ ನಾಲ್ಕು ಮೂಲೆ ಹಿಡಿದು ಎಳೆದಳು. ಈಚೆಯ ಅಂಚು ಸರಿಯಾಗಿ ಬಂತು; ಉಣ್ಣೆಯ ಒಂದೊಂದು ಎಳೆಯೂ ಎಣಿಸುವಂತೆ ಕಂಡಿತು. ಆಚೆಯ ಅಂಚು ಮಾತ್ರ ಮಸಿ ಒರೆಸಿದ ಹಾಗೆ ಕಲಸಿಹೋಯಿತು. ಅಷ್ಟುದ್ದದ ಕಂಬಳಿಯ ಅರ್ಧ ಭಾಗ ಮೂಲ ಫೋಟೋದಲ್ಲಿ ಬೆರಳಗಲದ ಪಟ್ಟಿಯೊಳಗೆ ಅಡಗಿ ಕೂತಿತ್ತು. ಎಳೆದರೆ ಎಲ್ಲಿಂದ ಬರಬೇಕು? ಮತ್ತೆ ಎಳೆದಳು, ಮತ್ತೆ ಕಲಸಿತು.

ಚಹಾ ಹಿಡಿದು ಬಂದ ರಿಜ್ವಾನ ಹಿಂದೆ ನಿಂತು ನೋಡಿದ. “ಇದನ್ನ ಯಾವ ಪುಣ್ಯಾತ್ಮ ತೆಗದಾನ? ನೆಲಕ್ಕ ಗಲ್ಲಾ ಹಚ್ಚಿ ಮಲ್ಕೊಂಡು ತೆಗದಂಗ ಐತಿ.”

ಅವನು ಹೇಳಿದ್ದು ಕೆಲಸದ ಮಾತು. ವಿದ್ಯಾ ಮಾತ್ರ ಮೌಸಿನಿಂದ ಕೈ ತೆಗೆದಳು. ಅಪ್ಪ ಕಳಿಸಿದ ಹಿಂದಿನ ಫೋಟೋಗಳನ್ನು ನೆನಪಿಸಿಕೊಳ್ಳಲು ನೋಡಿದಳು. ಮೊದಲಿನವು ನಿಂತು ತೆಗೆದವೇ ಇರಬೇಕು. ಆಮೇಲಿನವು? ಕೂತು ತೆಗೆದವೇ? ಯಾವಾಗಿನಿಂದ ಮೂಲೆಗಳನ್ನು ಹೆಚ್ಚೆಚ್ಚು ಎಳೆಯಬೇಕಾಗಿ ಬಂದಿತ್ತು? ಅವಳ ಬಳಿ ಇದ್ದವೆಲ್ಲ ನೆಟ್ಟಗಾದವು. ಎಲ್ಲವೂ ಒಂದೇ ಹಾಗೆ, ಯಾರೂ ಎಲ್ಲಿಯೂ ನಿಂತು ನೋಡಿರದ ಹಾಗೆ ಇದ್ದವು.

“ಯಾಕ ವಿದ್ಯಕ್ಕಾ?”

“ನಮ್ಮಪ್ಪ ತೆಗದದ್ದಣ್ಣಾ,” ಎಂದಳು. ರಿಜ್ವಾನ ಚಹಾ ಅಲ್ಲೇ ಇಟ್ಟು ಕೆಳಗಿಳಿದು ಹೋದ.

ಮರುದಿನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹುನಗುಂದದ ಮೇಲೆ ಹಾಯ್ದು ಊರು ಸೇರಿದಳು. ಪದ್ಮವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಕಾಳಿನ ಚೀಲ ಇಟ್ಟಿದ್ದಳು. ನೀರು ಕುಡಿಯುವುದಕ್ಕೂ ಮೊದಲು ವಿದ್ಯಾ ಕೇಳಿದಳು.

“ಯವ್ವಾ, ಅಪ್ಪಗ ಎಷ್ಟ ದಿನದಿಂದ ಏಳಾಕ ಆಗಿರಲಿಲ್ಲ?”

ಪದ್ಮವ್ವನ ಮೊರ ನಿಂತಿತು. “ಯಾರಂದ್ರು?”

“ಯಾರೂ ಅಂದಿಲ್ಲ. ಫೋಟೋ ಹೇಳತೈತಿ. ಇಲ್ಲೇ ನೆಲದ ಮ್ಯಾಲ ಮಲಗಿ ತೆಗದಾನ.”

ಪದ್ಮವ್ವ ಮೊರದೊಳಗಿನ ಕಲ್ಲು ಆರಿಸತೊಡಗಿದಳು. “ನನ್ನ ಕೇಳಬ್ಯಾಡ. ಕಂಬಳಿ ಮ್ಯಾಲ ಕೈ ಇಡಿಸಿಕೊಂಡಾನ ನಿಮ್ಮಪ್ಪ.”

ಬೀರಪ್ಪ ದೇವರ ಒಕ್ಕಲಿನ ಆ ಮನೆಯಲ್ಲಿ ಕಂಬಳಿ ಮುಟ್ಟಿ ಕೊಟ್ಟ ಮಾತನ್ನು ಯಾರೂ ಮುರಿದವರಲ್ಲ.

“ಆ ಕಂಬಳಿ ಮಣ್ಣಾಗ ಹೋಗೇತಲ್ಲವ್ವಾ.”

“ಕಂಬಳಿ ಹೋಗೇತಿ. ಕೈ ಇನ್ನೂ ನಂದ ಐತಿ.”

ವಿದ್ಯಾ ಗೋಡೆಯ ಬದಿಗೆ ಹೋಗಿ, ಫೋಟೋದಲ್ಲಿದ್ದ ಕಂಬವನ್ನು ಗುರುತು ಹಿಡಿದು, ನೆಲಕ್ಕೆ ಗಲ್ಲ ಹಚ್ಚಿ ಮಲಗಿದಳು. ಸಗಣಿ ಸಾರಿಸಿದ ನೆಲ ತಣ್ಣಗಿತ್ತು. ಅಲ್ಲಿಂದ ಹೊಸ್ತಿಲು ಎಷ್ಟೋ ದೂರ ಕಂಡಿತು, ಅದರಾಚೆಗೆ ಬೆಳಕೊಂದೇ. ಕಂಬಳಿಯ ಆ ಅಂಚು ಅಪ್ಪನ ಕಣ್ಣಿಗೂ ಸರಿಯಾಗಿ ಕಂಡಿರಲಾರದು. ಆದರೂ ಫೋನು ಎತ್ತಿ ಹಿಡಿದಿದ್ದ. ತೆಗೆದ ಮೇಲೆ ನಕ್ಕಿದ್ದ.

“ಏಳವ್ವಾ, ನೆಲ ಥಂಡಿ ಐತಿ,” ಎಂದಳು ಪದ್ಮವ್ವ.

ವಿದ್ಯಾ ಎದ್ದು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. “ಆಚೆ ಅಂಚು ಬರವಲ್ಲದು. ಈಚೆ ಉಣ್ಣಿನ ತಂದು ಅಲ್ಲಿ ತುಂಬಬಹುದು. ಆಟದ ಡಬ್ಬಿಗೆ ಹಂಗ ಮಾಡತೇನಿ. ಆದ್ರ ಅದು ನಾ ನೇಯ್ದದ್ದ ಆಗತೈತಿ, ಅಪ್ಪ ನೇಯ್ದದ್ದಲ್ಲ. ಹೆಂಗ ಬಂದೈತಿ ಹಂಗ ಇಡೂಣೇನು? ಅಪ್ಪ ಕಂಡಂಗ?”

ಪದ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಯ ಮೇಲಿನ ಓರೆ ಕಂಬಳಿಯನ್ನು ನೋಡಿದಳು.

“ಬ್ಯಾಡ. ಎಡಿಗೆ ನಾಕ ಮಂದಿ ಬರತಾರ. ನೋಡಿದವ್ರಿಗೆಲ್ಲಾ ತಿಳೀತೈತಿ. ನೆಟ್ಟಗ ಮಾಡು. ನಿಮ್ಮಪ್ಪ ನಿಂತ ತೆಗದಂಗ ಇರಲಿ.”

ವಿದ್ಯಾ ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕೂತಳು. ಈಚೆಯ ಅಂಚಿನಿಂದ ಅಂಗೈಯಷ್ಟು ಉಣ್ಣೆ ಎತ್ತಿ ಆಚೆಗೆ ಇಟ್ಟಳು, ಅದರ ಪಕ್ಕಕ್ಕೆ ಇನ್ನಷ್ಟು. ಕಲಸಿದ್ದೆಲ್ಲ ನಿಧಾನವಾಗಿ ಮುಚ್ಚುತ್ತ ಬಂತು. ನಡುನಡುವೆ ಕಣ್ಣು ಮಂಜಾಗಿ ಕೈ ತಪ್ಪುತ್ತಿತ್ತು. ಅಳಿಸಿ ಮತ್ತೆ ತುಂಬುತ್ತಿದ್ದಳು. ಪದ್ಮವ್ವ ಪಕ್ಕದಲ್ಲಿ ಕೂತು ಪೂರ್ತಿಯಾಗುವ ತನಕ ನೋಡಿದಳು.